ಜೊಂಡಿನ ಮೇಲೇಕೆ ಈ ದ್ವೇಷ?

ಪತ್ರಿಕೆಗಳ ನಗರ ಪುಟದಲ್ಲಿ ಆಗಾಗ ಒಂದು ಜೋಡಿ ಚಿತ್ರ ಬರುತ್ತದೆ. ಎಡಗಡೆಯದು ‘ಮೊದಲು’: ಆಳೆತ್ತರ ಬೆಳೆದ ಜೊಂಡು, ನಡುನಡುವೆ ಕಪ್ಪು ನೀರು, ಅಂಚಿನಲ್ಲಿ ಒಂದಿಷ್ಟು ಕಸ. ಬಲಗಡೆಯದು ‘ಆಮೇಲೆ’: ಈ ದಡದಿಂದ ಆ ದಡದವರೆಗೆ ಬರೀ ನೀರು, ಸುತ್ತ ಕಲ್ಲು ಹೊದೆಸಿದ ಇಳಿಜಾರು, ಅದರ ಮೇಲೆ ನಡಿಗೆಪಥ, ಬಣ್ಣ ಬಳಿದ ಬೆಂಚುಗಳು. ಕೆಳಗೆ ಖರ್ಚಾದ ಕೋಟಿಗಳ ಲೆಕ್ಕ, ಮೇಲೆ ‘ಕೆರೆಗೆ ಮರುಜೀವ’ ಎಂಬ ಶೀರ್ಷಿಕೆ. ನೋಡಿದವರೆಲ್ಲ ಹೌದು ಹೌದು ಎನ್ನುತ್ತಾರೆ. ನನ್ನ ತಕರಾರು ಇರುವುದು ಆ ಶೀರ್ಷಿಕೆಯ ಬಗ್ಗೆಯೇ. ಕಸವನ್ನೂ ಕೊಳಚೆಯನ್ನೂ ಬದಿಗಿಟ್ಟು ನೋಡಿದರೆ, ಆ ಎರಡು ಚಿತ್ರಗಳಲ್ಲಿ ಜೀವ ಹೆಚ್ಚಿದ್ದದ್ದು ಎಡಗಡೆಯದರಲ್ಲಿ. ಬಲಗಡೆಯದು ಸದ್ಯಕ್ಕೆ ನೀರು ತುಂಬಿಸಿಟ್ಟ ಒಂದು ಗುಂಡಿ.

‘ಸ್ವಚ್ಛ ಕೆರೆ ಎಂದರೆ ಗಿಡವಿಲ್ಲದ ಕೆರೆ’ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಇಳಿದಿದೆಯೆಂದರೆ ಅದಕ್ಕೆ ಪಕ್ಷಭೇದವಿಲ್ಲ. ಎಂಜಿನಿಯರು, ಶಾಸಕರು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ಬೆಳಗಿನ ವಾಕಿಂಗ್ ಬಳಗ, ಶ್ರಮದಾನಕ್ಕೆ ಬರುವ ಕಾಲೇಜು ಹುಡುಗರು, ಎಲ್ಲರದೂ ಒಂದೇ ಮಾತು: ಮೊದಲು ಕಳೆ ತೆಗೆಸಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಈ ಅಭಿರುಚಿ ಈಗ ಮೈಸೂರು, ತುಮಕೂರು, ಹಾಸನಗಳನ್ನು ದಾಟಿ ತಾಲ್ಲೂಕು ಕೇಂದ್ರಗಳ ಕೆರೆಗಳವರೆಗೂ ತಲುಪಿದೆ. ಬಿತ್ತದೆ ಬೆಳೆದದ್ದೆಲ್ಲ ಕಳೆ ಎಂಬುದು ಗದ್ದೆಯ ನ್ಯಾಯ. ಗದ್ದೆಯ ಮಟ್ಟಿಗೆ ಅದು ಸರಿಯೇ. ಆದರೆ ಕೆರೆಯಲ್ಲಿ ನಾವು ಬಿತ್ತಿದ್ದು ಏನೂ ಇಲ್ಲವಲ್ಲ. ಅಲ್ಲಿ ಯಾವುದು ಬೆಳೆ, ಯಾವುದು ಕಳೆ ಎಂದು ತೀರ್ಮಾನಿಸುವವರು ಮೊದಲು ಆ ಗಿಡದ ಹೆಸರನ್ನಾದರೂ ಹೇಳಬೇಕು.

ಹೇಳುವುದಿಲ್ಲ. ಕೆರೆ ಕಾಮಗಾರಿಯ ಅಂದಾಜುಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದು ‘ಜಲಕಳೆ ತೆಗೆಯುವುದು’ ಎಂಬ ಒಂದೇ ಸಾಲು. ಆ ಒಂದು ಸಾಲಿನಡಿ ದಕ್ಷಿಣ ಅಮೆರಿಕದಿಂದ ಬಂದ ಪಿಡುಗೂ ಹೋಗುತ್ತದೆ, ಈ ನೆಲದಲ್ಲೇ ಹುಟ್ಟಿ ಬೆಳೆದದ್ದೂ ಹೋಗುತ್ತದೆ. ಜೆಸಿಬಿಗೆ ವ್ಯತ್ಯಾಸ ಗೊತ್ತಿಲ್ಲ. ಅದನ್ನು ನಡೆಸಲು ಹೇಳಿದವರಿಗೂ ಗೊತ್ತಿಲ್ಲ.

ಗೊತ್ತುಮಾಡಿಕೊಳ್ಳುವುದು ಕಷ್ಟವೂ ಅಲ್ಲ. ಕೇಳಬೇಕಾದ ಮೊದಲ ಪ್ರಶ್ನೆ, ಬೇರು ಎಲ್ಲಿದೆ? ಬೇರು ನೀರಿನಲ್ಲೇ ತೂಗಾಡುತ್ತ, ಗಾಳಿ ಬೀಸಿದ ಕಡೆಗೆ ಗಿಡದ ಹಾಸೇ ತೇಲಿಹೋಗುವುದಾದರೆ ಅದು ನಾವು ಅಂತರಗಂಗೆ ಎಂದು ಒಟ್ಟಾಗಿ ಕರೆಯುವ ಗುಂಪು. ಉಬ್ಬಿದ ತೊಟ್ಟು, ತಿಳಿನೇರಳೆ ಹೂಗೊಂಚಲಿನ ವಾಟರ್ ಹಯಸಿಂತ್ ಇದರಲ್ಲಿ ಮುಖ್ಯವಾದದ್ದು. ದಕ್ಷಿಣ ಅಮೆರಿಕದಿಂದ ಅಂದಕ್ಕೆಂದು ತಂದದ್ದು ನೀರಿನ ಮೇಲೆ ಚಪ್ಪರ ಹಾಕಿ ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ. ಇದನ್ನು ತೆಗೆಯಿರಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಬೇರು ತಳದ ಕೆಸರಿನಲ್ಲಿ ನಾಟಿ, ಬುಡ ನೀರಿನಲ್ಲಿ ನಿಂತು, ಎಲೆಯೂ ಹೂವೂ ಗಾಳಿಯಲ್ಲಿ ಎದ್ದು ನಿಂತಿದ್ದರೆ ಅದು ಬೇರೆಯೇ ಬಳಗ. ನನ್ನ ವಾದವೆಲ್ಲ ಈ ಎದ್ದು ನಿಂತವುಗಳ ಪರ.

ಅವುಗಳೊಳಗೂ ಗುರುತು ಸುಲಭ. ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ. ಮೂರು ಏಣು ಕೈಗೆ ತಾಗಿ ಉರುಳಲು ತಕರಾರು ಮಾಡಿದರೆ ಅದು ಹೆಚ್ಚಿನ ಪಾಲು ಜೇಕು, ಕೊನ್ನಾರಿಯ ನೆಂಟ. ಅದರ ಎಲೆಗಳು ಮೂರು ದಿಕ್ಕಿಗೆ ಹೊರಡುತ್ತವೆ, ಕಾಂಡದಲ್ಲಿ ಗೆಣ್ಣಿರುವುದಿಲ್ಲ. ಗುಂಡಗೆ ಉರುಳಿ, ಬಿದಿರಿನಂತೆ ಗೆಣ್ಣುಗೆಣ್ಣಾಗಿದ್ದು, ತುದಿಯಲ್ಲಿ ಕಬ್ಬಿನ ಹೂವಿನಂಥ ಗರಿ ಇದ್ದರೆ ಅದು ಫ್ರಾಗ್ಮೈಟಿಸ್ ಎಂಬ ಎತ್ತರದ ಹುಲ್ಲು, ಹೊಳೆದಂಡೆಯವರಿಗೆ ಚೆನ್ನಾಗಿ ಪರಿಚಯವಿರುವಂಥದ್ದು. ಎಲೆಯೇ ಇಲ್ಲದೆ ಬರೀ ಹಸಿರು ಕೊಳವೆಗಳು ನೀರಿನಿಂದ ಎದ್ದಿದ್ದು, ಒತ್ತಿದರೆ ಒಳಗಿನ ಅಡ್ಡಪದರಗಳು ಪಟಪಟ ಒಡೆದರೆ ಅದು ಎಲಿಯೋಕಾರಿಸ್, ಅದೂ ಜೇಕಿನ ಕುಲವೇ. ಇನ್ನು ಜೊಂಡು. ಆಪು ಎನ್ನುವವರೂ ಉಂಟು, ಜಂಬು ಎನ್ನುವವರೂ ಉಂಟು, ಸಸ್ಯಶಾಸ್ತ್ರಕ್ಕೆ ಟೈಫಾ. ಎರಡು ಬೆರಳಗಲದ ಉದ್ದನೆಯ ಪಟ್ಟಿಯಂಥ ಎಲೆ, ಅಡ್ಡ ಕೊಯ್ದರೆ ಒಳಗೆ ಸ್ಪಂಜಿನಂಥ ಗಾಳಿಗೂಡುಗಳು. ತುದಿಯಲ್ಲಿ ಕಂದು ಮಖಮಲ್ಲಿನ ತೆನೆ. ಕೆಳಗಿನ ದಪ್ಪ ಭಾಗ ಹೆಣ್ಣು, ಮೇಲಿನ ಸಣಕಲು ಭಾಗ ಗಂಡು, ನಮ್ಮ ಕೆರೆಗಳ ಜಾತಿಗಳಲ್ಲಿ ಎರಡರ ನಡುವೆ ಬೋಳು ಕಡ್ಡಿಯ ಒಂದು ಅಂತರ. ತೆನೆ ಒಣಗಿ ಬಿರಿದಾಗ ಒಂದೊಂದರಿಂದ ಲಕ್ಷ ದಾಟುವ ಬೀಜ ಹತ್ತಿಯಂತೆ ಹಾರುತ್ತದೆ.

ಬೇರಿನ ಪರೀಕ್ಷೆಯಲ್ಲಿ ಪಾಸಾದವರೆಲ್ಲ ಒಳ್ಳೆಯವರಲ್ಲ ಎಂಬುದನ್ನೂ ಹೇಳಿಬಿಡಬೇಕು. ಅಲಿಗೇಟರ್ ವೀಡ್ ಎಂಬ ದಕ್ಷಿಣ ಅಮೆರಿಕದ ಗಿಡ ದಡದಲ್ಲಿ ಬೇರೂರಿ ನೀರಿನ ಮೇಲೆ ಚಾಚುತ್ತದೆ. ನಮ್ಮ ಹೊನಗೊನ್ನೆ ಸೊಪ್ಪಿನ ದಾಯಾದಿ ಅದು. ಹೊನಗೊನ್ನೆಯ ಬಿಳಿ ಹೂಗುಂಡು ಎಲೆಯ ಕಂಕುಳಿಗೆ ಅಂಟಿಕೊಂಡೇ ಇರುತ್ತದೆ. ಇದರದ್ದು ಉದ್ದ ತೊಟ್ಟಿನ ಮೇಲೆ ಎದ್ದು ನಿಲ್ಲುತ್ತದೆ. ಒಂದು ತೊಟ್ಟಿನ ಅಂತರದಲ್ಲಿ ಸ್ವದೇಶಿ, ವಿದೇಶಿ ಎರಡೂ ಇವೆ. ಇಷ್ಟು ನೋಡುವ ತಾಳ್ಮೆ ಇಲ್ಲದವರ ಕೈಗೆ ಕೋಟಿ ರೂಪಾಯಿಯ ಕೆರೆ ಕೊಡುವುದು ಯಾವ ನ್ಯಾಯ?

ಈಗ ಆ ಜೊಂಡಿನೊಳಗೆ ಯಾರಿದ್ದಾರೆ ನೋಡೋಣ. ಬೆಂಚಿನ ಮೇಲೆ ಕೂತವರಿಗೆ ಕಾಣುವುದಿಲ್ಲ. ಕಾಣದಿರುವುದೇ ಅವರ ಬಾಳುವೆಯ ರೀತಿ.

ನೇರಳೆ ಜಂಬುಕೋಳಿಯಿಂದ ಆರಂಭಿಸುವುದು ಸುಲಭ, ಏಕೆಂದರೆ ಅದೊಂದೇ ಅಲ್ಲಿ ಎದೆಯುಬ್ಬಿಸಿ ಹೊರಗೆ ಬರುವ ಆಸಾಮಿ. ಕೆಂಪು ಕೊಕ್ಕು, ಉದ್ದ ಬೆರಳು. ಎಳೆ ಜೊಂಡನ್ನು ಬುಡದಿಂದ ಕಿತ್ತು, ಒಂದು ಕಾಲಲ್ಲಿ ಹಿಡಿದು, ಒಳಗಿನ ಬಿಳಿ ತಿರುಳನ್ನು ತಿನ್ನುತ್ತದೆ. ಅದರ ಊಟವೂ ಜೊಂಡು, ಗೂಡಿನ ಅಟ್ಟವೂ ಜೊಂಡು, ಸೆಳೆವ ಹಕ್ಕಿ ಮೇಲೆ ಸುಳಿದಾಗ ಅಡಗುವ ಮರೆಯೂ ಜೊಂಡು. ನಾಮದಕೋಳಿ, ಹುಂಡುಕೋಳಿ, ಗುಳುಮುಳುಕಗಳಿಗೂ ಗೂಡಿಗೆ ನೀರಂಚಿನ ಗಿಡವೇ ಆಸರೆ. ಗುಳುಮುಳುಕ ತೇಲುವ ಗೂಡು ಕಟ್ಟಿ ಅದನ್ನು ನಿಂತ ಕಡ್ಡಿಗಳಿಗೆ ಸಿಕ್ಕಿಸುತ್ತದೆ. ಸಿಕ್ಕಿಸಲು ಕಡ್ಡಿಯೇ ಇಲ್ಲದಿದ್ದರೆ ಮೊದಲ ಗಾಳಿಗೆ ಗೂಡು ಕಲ್ಲುದಡಕ್ಕೆ ಬಡಿಯುತ್ತದೆ.

ಗುಪ್ಪಿಗಳ ಕಥೆ ಇನ್ನೂ ಸೂಕ್ಷ್ಮ. ಕೆಂಪು ಗುಪ್ಪಿ, ಹಳದಿ ಗುಪ್ಪಿ ಎಂಬ ಈ ಗಿಡ್ಡ ಬಕಗಳು ಅಪಾಯ ಕಂಡರೆ ಹಾರುವುದಿಲ್ಲ; ಕೊಕ್ಕನ್ನು ಆಕಾಶಕ್ಕೆ ನೆಟ್ಟಗೆ ಎತ್ತಿ, ಮೈ ಸಪೂರ ಮಾಡಿ, ಎದೆಯ ಗೆರೆಗಳನ್ನು ಜೊಂಡಿನ ಗೆರೆಗಳ ಜೊತೆ ಹೊಂದಿಸಿ ನಿಲ್ಲುತ್ತವೆ. ಗಾಳಿಗೆ ಜೊಂಡು ಓಲಾಡಿದರೆ ಅವೂ ಓಲಾಡುತ್ತವೆ. ಇಡೀ ದೇಹವೇ ಒಂದು ಸಸ್ಯಕ್ಕಾಗಿ ರೂಪುಗೊಂಡಿರುವ ಹಕ್ಕಿಯನ್ನು ಸೈಜುಗಲ್ಲಿನ ಮುಂದೆ ನಿಲ್ಲಿಸಿ ‘ಇಲ್ಲೇ ಇರು’ ಎನ್ನುವುದು ಕ್ರೌರ್ಯ.

ಗೀಜಗವನ್ನು ಎಲ್ಲರೂ ಬಲ್ಲರು. ಬಾವಿಯ ಮೇಲೆ ಬಾಗಿದ ಜಾಲಿ, ಈಚಲು ಮರಗಳಿಂದ ಅದರ ಗೂಡು ತೂಗುತ್ತದೆ. ಅದರ ಸೋದರ ಗೆರೆ ಗೀಜಗವನ್ನು ಬಲ್ಲವರು ಕಡಿಮೆ. ಎದೆಯ ಮೇಲೆ ಗೆರೆಗಳಿರುವ ಈ ಹಕ್ಕಿ ಜೊಂಡುಕಾಡಿನ ಒಕ್ಕಲು. ಮಳೆಗಾಲದಲ್ಲಿ ಜೊಂಡಿನ ನಾಲ್ಕಾರು ಎಲೆತುದಿಗಳನ್ನು ಒಟ್ಟಿಗೆ ಸೇರಿಸಿ ಹೆಣೆದು, ಅದರ ಕೆಳಗೆ ಗೂಡು ಇಳಿಬಿಡುತ್ತದೆ. ಹಾವು, ಬೆಕ್ಕು, ಮುಂಗುಸಿ ನೀರು ದಾಟಿ ಬರಬೇಕು, ಬಂದರೂ ಆ ಎಲೆ ಅವುಗಳ ಭಾರ ತಾಳದು. ರಾಟವಾಳಗಳಲ್ಲೂ ಕರಿತಲೆಯದು ಇಂಥಲ್ಲೇ ಗೂಡು ಮಾಡುತ್ತದೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಜೌಗು ಸೆಳೆವ ರಾತ್ರಿ ಕಳೆಯುವುದು ಜೊಂಡಿನ ನಡುವೆ ತುಳಿದು ಮಾಡಿದ ಮೆತ್ತೆಯ ಮೇಲೆ. ಅಂಬರಗುಬ್ಬಿಗಳು ಸಂಜೆ ಹಿಂಡುಹಿಂಡಾಗಿ ಇಳಿಯುವುದೂ ಜೊಂಡಿಗೇ. ಬಾತುಗಳಿಗೆ ಜೇಕಿನ ಬೀಜ, ಗೆಡ್ಡೆ ಆಹಾರ. ನೀರು ನೋಡಲು ಚೆಂದವೆಂದು ಬಾತು ಬರುವುದಿಲ್ಲ, ಮೇವಿದೆಯೆಂದು ಬರುತ್ತದೆ.

ನೀರಿನ ಕೆಳಗಿನ ಲೋಕವಂತೂ ಲೆಕ್ಕಕ್ಕೇ ಇಲ್ಲ. ಏರೋಪ್ಲೇನ್ ಚಿಟ್ಟೆ ಎಂದು ಮಕ್ಕಳು ಬೆನ್ನಟ್ಟುವ ಕೀಟ ತನ್ನ ಬದುಕಿನ ದೊಡ್ಡ ಪಾಲನ್ನು ಮರಿಯಾಗಿ ನೀರಿನೊಳಗೆ ಕಳೆಯುತ್ತದೆ. ಅಲ್ಲಿ ಅದು ಸೊಳ್ಳೆಮರಿಗಳನ್ನು ತಿನ್ನುತ್ತದೆ. ಕೊನೆಯ ಪೊರೆ ಕಳಚುವ ಹೊತ್ತಿಗೆ ಯಾವುದಾದರೂ ಕಾಂಡ ಹಿಡಿದು ಮೇಲೇರಿ, ಬೆನ್ನು ಬಿರಿದು, ರೆಕ್ಕೆ ಒಣಗಿಸಿ ಹಾರುತ್ತದೆ. ಅದರ ಸಣ್ಣ ಬಂಧು, ಕೂತಾಗ ರೆಕ್ಕೆ ಮಡಚುವ ಸಪೂರ ಕೀಟ, ಗಿಡದ ಕಾಂಡವನ್ನೇ ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಅದಕ್ಕೆ ಸಿಮೆಂಟು ಒದಗಿಬಾರದು. ಕೊರವ ಮೀನು ಅಂಚಿನ ಗಿಡಗಳ ನಡುವೆ ಜಾಗ ಮಾಡಿಕೊಂಡು ಮೊಟ್ಟೆಯಿಟ್ಟು, ಮರಿಗಳ ಹಿಂಡನ್ನು ಕಾಯುತ್ತದೆ. ನೀರೊಳ್ಳೆ ಹಾವು ಕಪ್ಪೆಗೆ ಹೊಂಚು ಹಾಕುವುದು ಇಲ್ಲೇ. ಹಂಪಿಯ ಸುತ್ತ ತುಂಗಭದ್ರೆಯ 34 ಕಿಲೋಮೀಟರ್ ಹರಹನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಲಾಯಿತಲ್ಲ, ಅಲ್ಲಿಯೂ ಬಂಡೆಗಳಷ್ಟೇ ಮುಖ್ಯವಾದ ಮರೆ ನಡುಗಡ್ಡೆಗಳ ಜೊಂಡುಹುಲ್ಲಿನದು.

ಇಷ್ಟೆಲ್ಲ ಇದ್ದೂ ನಮ್ಮ ಪಕ್ಷಿಪ್ರಿಯರೇ ಜೊಂಡಿನ ಪರ ಮಾತಾಡುವುದು ಕಡಿಮೆ. ಇದಕ್ಕೆ ಕಾರಣವನ್ನು ನಾನು ನಮ್ಮ ಪಕ್ಷಿಧಾಮಗಳಲ್ಲಿ ಹುಡುಕುತ್ತೇನೆ. ರಂಗನತಿಟ್ಟು, ಕೊಕ್ಕರೆಬೆಳ್ಳೂರು, ಗುಡವಿ, ಮಂಡಗದ್ದೆ: ನಮ್ಮ ಕಲ್ಪನೆಯ ಪಕ್ಷಿಧಾಮವೆಂದರೆ ಮರದ ತುಂಬ ಬಿಳಿ ಹಕ್ಕಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ದೂರದಿಂದಲೇ ಕಾಣುತ್ತವೆ, ಕ್ಯಾಮೆರಾಕ್ಕೆ ಒದಗುತ್ತವೆ. ಗುಪ್ಪಿಯ ಚಿತ್ರ ತೆಗೆಯಬೇಕಾದರೆ ಮೂರು ಗಂಟೆ ಕೂತು ಸೊಳ್ಳೆ ಕಚ್ಚಿಸಿಕೊಳ್ಳಬೇಕು. ಹಾಗಾಗಿ ಕೆರೆ ನಡುವೆ ಹೂಳು ಗುಡ್ಡೆ ಹಾಕಿ, ಮೇಲೆ ನಾಲ್ಕು ಮರ ನೆಟ್ಟು, ‘ಹಕ್ಕಿಗಳಿಗೆ ದ್ವೀಪ ಮಾಡಿದ್ದೇವೆ’ ಎಂದರೆ ಎಲ್ಲರಿಗೂ ಸಮಾಧಾನ. ನೀರುಕಾಗೆಗೆ ಅದು ಸಾಕು. ಉಳಿದವರ ಪರವಾಗಿ ವಕಾಲತ್ತು ವಹಿಸಲು ಯಾರೂ ಇಲ್ಲ.

ವಿರೋಧದ ವಾದಗಳನ್ನೂ ನೋಡಬೇಕು. ಅವುಗಳಲ್ಲಿ ಕೆಲವಕ್ಕೆ ತೂಕವಿದೆ.

ಸೊಳ್ಳೆ ಎನ್ನುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೆರೆಯಲ್ಲಿ ಹುಟ್ಟುವುದಿಲ್ಲ. ನಮ್ಮ ಡ್ರಮ್ಮು, ಹೂಕುಂಡದ ತಟ್ಟೆ, ಹಳೆ ಟೈರುಗಳಲ್ಲಿ ಹುಟ್ಟುತ್ತದೆ. ಪಟ್ಟಣದ ಮಲೇರಿಯಾದ ಅನಾಫಿಲಿಸ್ ಸ್ಟೀಫೆನ್ಸಿಗೆ ಮನೆ ಮೇಲಿನ ನೀರಿನ ತೊಟ್ಟಿ ಇಷ್ಟ. ಕ್ಯೂಲೆಕ್ಸ್ ಮಾತ್ರ ಕೊಳಚೆಯಲ್ಲಿ ಹುಟ್ಟುತ್ತದೆ, ನಿಜ. ಕೊಳಚೆ ನಿಂತ ಜೊಂಡಿನ ಬುಡದಲ್ಲೂ ಹುಟ್ಟುತ್ತದೆ. ಆದರೆ ಅದಕ್ಕೆ ಬೇಕಾದದ್ದು ಜೊಂಡಲ್ಲ, ಕೊಳಚೆ. ಕೊಳಚೆ ಬರುವ ಕಾಲುವೆಯನ್ನು ಹಾಗೇ ಬಿಟ್ಟು, ಸೊಳ್ಳೆಮರಿ ತಿನ್ನುವ ಮೀನು, ಕೀಟಗಳ ಮನೆಯನ್ನು ಕಿತ್ತು, ನಂತರ ಫಾಗಿಂಗ್ ಯಂತ್ರ ತರಿಸುತ್ತೇವೆ. ಇದೇ ಹೆದರಿಕೆಯ ಹೆಸರಿನಲ್ಲಿ ಕಳೆದ ಶತಮಾನದಲ್ಲಿ ಮಲೇರಿಯಾ ನಿರ್ಮೂಲನೆಗೆಂದು ಬೆಂಗಳೂರಿನಲ್ಲಿ ಕೆರೆಗಳ ಏರಿಯನ್ನೇ ಒಡೆದದ್ದುಂಟು.

ಬೆಂಕಿ ಎನ್ನುತ್ತಾರೆ, ಬೆಳ್ಳಂದೂರನ್ನು ತೋರಿಸುತ್ತಾರೆ. 2015ರಲ್ಲಿ ಅಲ್ಲಿ ನೊರೆಗೇ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಒಣಗಿದ ಹುಲ್ಲಿಗೆ ಬಿದ್ದ ಬೆಂಕಿ ನಂದಿಸಲು ಸೈನಿಕರು ಇಳಿಯಬೇಕಾಯಿತು. ನೊರೆ ಬಂದದ್ದು ಮಾರ್ಜಕ, ಮಲಿನ ನೀರುಗಳಿಂದ. ಹುಲ್ಲು ಅಷ್ಟು ದಟ್ಟವಾಗಿ ಬೆಳೆದದ್ದೂ ಅದೇ ನೀರಿನ ಗೊಬ್ಬರ ತಿಂದು. ಒಂದು ಮಹಾನಗರದ ಕೊಳಚೆಯನ್ನು ದಶಕಗಟ್ಟಲೆ ಒಂದೇ ಪಾತ್ರಕ್ಕೆ ಸುರಿದು, ಕೊನೆಗೆ ಅಪರಾಧಿಯ ಸ್ಥಾನದಲ್ಲಿ ಹುಲ್ಲನ್ನು ನಿಲ್ಲಿಸಿದರೆ ಅದನ್ನು ತನಿಖೆ ಎನ್ನಲಾಗದು.

ಮೂರನೆಯ ವಾದ ಗಟ್ಟಿಯಾದದ್ದು: ಬಿಟ್ಟರೆ ಜೊಂಡು ಇಡೀ ಕೆರೆಯನ್ನೇ ನುಂಗುತ್ತದೆ. ನುಂಗುತ್ತದೆ, ಹೌದು. ಹೂಳು ತುಂಬಿ ಆಳ ಕಡಿಮೆಯಾದ ಕೆರೆಗೆ ವರ್ಷವಿಡೀ ಕೊಳಚೆ ಬರುತ್ತಿದ್ದರೆ ಮೂರ್ನಾಲ್ಕು ವರ್ಷದಲ್ಲಿ ನೀರಿನ ಕನ್ನಡಿಯೇ ಕಾಣದಂತಾಗುತ್ತದೆ. ಹಾಗಾದ ಕೆರೆಯಲ್ಲಿ ಬಾತಿಗೆ ಇಳಿಯಲು ಜಾಗವಿಲ್ಲ, ತಾವರೆ ಎಲೆಯ ಮೇಲೆ ನಡೆಯುವ ದೇವನಕ್ಕಿಗೂ ಇಲ್ಲ. ಹಿಂದೆ ಇದನ್ನು ತಡೆಯುತ್ತಿದ್ದದ್ದು ಯಾವುದು? ಬೇಸಿಗೆ. ಮಳೆಗಾಲದಲ್ಲಿ ತುಂಬಿ, ತೂಬಿನಿಂದ ಅಚ್ಚುಕಟ್ಟಿಗೆ ನೀರು ಹರಿದು, ಚೈತ್ರ ವೈಶಾಖದ ಹೊತ್ತಿಗೆ ಕೆರೆಯಂಗಳ ಬಿರುಕು ಬಿಡುತ್ತಿತ್ತು. ಎಮ್ಮೆ ದನ ಮೇಯುತ್ತಿದ್ದವು, ಚಾಪೆಗೆ, ಗುಡಿಸಲ ಹೊದಿಕೆಗೆ, ಮೇವಿಗೆ ಜನ ಕೊಯ್ಯುತ್ತಿದ್ದರು, ರೈತರು ಗೋಡು ಹೊತ್ತು ಹೊಲಕ್ಕೆ ಹಾಕುತ್ತಿದ್ದರು. ಜೊಂಡು ಪ್ರತಿವರ್ಷ ಹಿಂದೆ ಸರಿದು ಮತ್ತೆ ಬರುತ್ತಿತ್ತು. ಈಗ ತೂಬು ಮುಚ್ಚಿದೆ, ಅಚ್ಚುಕಟ್ಟಿನಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ನೀರಿನ ಮಟ್ಟ ವರ್ಷವಿಡೀ ಒಂದೇ. ಈ ಬದಲಾವಣೆಗಳಲ್ಲಿ ಒಂದನ್ನೂ ಜೊಂಡು ಮಾಡಿಲ್ಲ.

ಹಾಗೆಂದು ಮನುಷ್ಯ ಕೈ ಹಾಕಲೇಬಾರದು ಎನ್ನುವ ಪಂಥದವನೂ ನಾನಲ್ಲ. ಭರತಪುರದ ಪಾಠ ನಮ್ಮ ಮುಂದಿದೆ. ಕೇವಲಾದೇವ್ ಉದ್ಯಾನದಲ್ಲಿ 1982ರಲ್ಲಿ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಗುಂಡು ಹಾರಿ ಜೀವಗಳೇ ಹೋದವು. ಆಮೇಲೆ ಆದದ್ದೇನು? ಮೇಯುವವರಿಲ್ಲದೆ ಪ್ಯಾಸ್ಪಾಲಮ್ ಎಂಬ ಹುಲ್ಲು ನೀರನ್ನೆಲ್ಲ ಆವರಿಸಿತು, ತೆರೆದ ನೀರು ಬೇಕಾದ ಹಕ್ಕಿಗಳು ಕಡಿಮೆಯಾದವು. ಎಮ್ಮೆ ಅಲ್ಲಿನ ವ್ಯವಸ್ಥೆಯ ಭಾಗವೇ ಆಗಿತ್ತೆಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನವೇ ಹೇಳಿತು. ಅಮೆರಿಕದ ಅಯೋವಾ ಪ್ರಾಂತದ ಜೌಗುಗಳಲ್ಲಿ ಮಿಲ್ಟನ್ ವೆಲ್ಲರ್, ಸೆಸಿಲ್ ಸ್ಪ್ಯಾಚರ್ 1965ರಲ್ಲಿ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ: ಗಿಡ ಮತ್ತು ತೆರೆದ ನೀರು ಹೆಚ್ಚುಕಡಿಮೆ ಅರ್ಧಕ್ಕರ್ಧ ಇದ್ದು, ಒಂದರೊಳಗೊಂದು ಹೆಣೆದುಕೊಂಡಿದ್ದಾಗ ಹಕ್ಕಿಗಳ ವೈವಿಧ್ಯ ಅತಿ ಹೆಚ್ಚು. ಪೂರಾ ಗಿಡವೂ ಬೇಡ, ಪೂರಾ ನೀರೂ ಬೇಡ. ಅಯೋವಾದ ಲೆಕ್ಕ ಆನೇಕಲ್ಲಿಗೆ ಹಾಗೆಹಾಗೇ ಒಪ್ಪಬೇಕೆಂದಿಲ್ಲ. ಆದರೆ ನೂರಕ್ಕೆ ನೂರು ನೀರು ಎಂಬ ನಮ್ಮ ಲೆಕ್ಕ ಯಾವ ಊರಿನ ಹಕ್ಕಿಯ ಜೀವಕ್ಕೂ ಒಪ್ಪುವುದಿಲ್ಲ.

ಹಕ್ಕಿಪಕ್ಷಿಯ ಮಾತು ಬೇಡ, ನೀರಿನ ಮಾತನ್ನಷ್ಟೇ ಆಡಿ ಎನ್ನುವವರಿಗೂ ಉತ್ತರವಿದೆ. ಕೆರೆತಳದ ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ. ಜೊಂಡು ತನ್ನ ಎಲೆಯ ಗಾಳಿಗೂಡುಗಳ ಮೂಲಕ ಗಾಳಿಯನ್ನು ಬುಡದ ಗೆಡ್ಡೆಗೆ ಇಳಿಸುತ್ತದೆ. ಬೇರಿನ ಸುತ್ತ ಸ್ವಲ್ಪ ಹೊರಕ್ಕೂ ಸೋರುತ್ತದೆ. ಅಷ್ಟು ಜಾಗದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಕೊಳಚೆಯ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ. ಅದರ ಪಕ್ಕದಲ್ಲೇ, ಆಮ್ಲಜನಕ ಮುಟ್ಟದ ಕೆಸರಿನಲ್ಲಿ, ಇನ್ನೊಂದು ಬಗೆ ಆ ನೈಟ್ರೇಟನ್ನು ನೈಟ್ರೋಜನ್ ಅನಿಲ ಮಾಡಿ ಗಾಳಿಗೆ ಬಿಟ್ಟುಬಿಡುತ್ತದೆ. ಕಾಂಡಗಳ ಗುಂಪು ನೀರಿನ ಓಟ ತಗ್ಗಿಸುತ್ತದೆ, ತೇಲುವ ಕಣಗಳು ತಳ ಸೇರುತ್ತವೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಶುರುವಾದ ಶುದ್ಧೀಕರಣ ಘಟಕದ ನೀರು ನೇರ ಕೆರೆಗೆ ಬೀಳದೆ, ಮೊದಲು ಜೊಂಡು ತುಂಬಿದ ಜೌಗಿನ ಮೂಲಕ ಸೋಸಿ ಹೋಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿ ಮಾದರಿಯೆಂದು ಎತ್ತಿ ತೋರಿಸಿದ ವ್ಯವಸ್ಥೆ ಅದು. ಅದೇ ಊರಿನ ಬೇರೆ ಕೆರೆಗಳಲ್ಲಿ ಒಂದು ಕಡೆ ದಡದ ಜೊಂಡನ್ನು ಲಾರಿಗೆ ತುಂಬಿ ಕಳಿಸಿ, ಇನ್ನೊಂದು ಕಡೆ ಪ್ಲಾಸ್ಟಿಕ್ ಪೈಪಿನ ‘ತೇಲುವ ದ್ವೀಪ’ದ ಮೇಲೆ ನೀರು ಶುದ್ಧಿಗೆಂದು ಗಿಡ ನೆಟ್ಟು ರಿಬ್ಬನ್ ಕತ್ತರಿಸುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ಒಂದು ಷರತ್ತು ಹೇಳದಿದ್ದರೆ ಅಪ್ರಾಮಾಣಿಕವಾದೀತು. ಜೊಂಡು ಹೀರಿಟ್ಟ ಗೊಬ್ಬರಾಂಶದಲ್ಲಿ ಬಹುಪಾಲು ಅದು ಸತ್ತು ಕೊಳೆತಾಗ ನೀರಿಗೇ ಹಿಂತಿರುಗುತ್ತದೆ. ಆದ್ದರಿಂದ ಕೊಯ್ಯಬೇಕು, ಕೊಯ್ದದ್ದನ್ನು ಹೊರಗೆ ಸಾಗಿಸಬೇಕು. ಕೊಯ್ಲಿಗೂ ಕೀಳುವುದಕ್ಕೂ ಇರುವ ವ್ಯತ್ಯಾಸವೇ ನನ್ನ ಇಡೀ ವಾದ.

ಕೀಳುವುದು ಹೇಗಿರುತ್ತದೆಂದು ಗೊತ್ತಲ್ಲ. ಬೇಸಿಗೆಯಲ್ಲಿ ಕೆರೆ ಬರಿದು ಮಾಡಿ, ಜೆಸಿಬಿ, ಹಿಟಾಚಿ ಇಳಿಸಿ, ಅಂಚಿನಿಂದ ಅಂಚಿಗೆ ಒಂದೇ ಆಳಕ್ಕೆ ಅಗೆದು, ಬಂದ ಮಣ್ಣನ್ನು ಸುತ್ತ ಏರಿಸಿ ದಾರಿ ಮಾಡುತ್ತಾರೆ. ನಮ್ಮ ಹಳೆಯ ಕೆರೆ ಒಂದು ಬದಿಗೆ ಮಾತ್ರ ಏರಿ ಇದ್ದದ್ದು. ಏರಿಯ ಬಳಿ ಆಳ, ಹಿನ್ನೀರಿನ ಕಡೆಗೆ ಹೋದಂತೆ ಮೊಣಕಾಲುದ್ದ, ಪಾದದುದ್ದ, ಆಮೇಲೆ ಬರೀ ಒದ್ದೆ. ಜೊಂಡು, ಜೇಕು, ಕಾಲುದ್ದದ ಹಕ್ಕಿ, ಮೀನುಮರಿ ಎಲ್ಲಕ್ಕೂ ನೆಲೆ ಆ ತೆಳು ನೀರು. ಈಗ ಮಾಡುವ ಕೆರೆಗೆ ನಾಲ್ಕೂ ಕಡೆ ಏರಿ, ಅದು ಕೆರೆಯಲ್ಲ, ಬಾಣಲೆ. ಸೊಂಟಕ್ಕಿಂತ ಹೆಚ್ಚು ಆಳದಲ್ಲಿ ಜೊಂಡು ಹೊಸದಾಗಿ ನಾಟುವುದು ಕಷ್ಟ. ಅಂಚು ಕಡಿದಾದ ಮೇಲೆ ಮುಂದೆ ಯಾರು ಎಷ್ಟೇ ಮನಸ್ಸು ಮಾಡಿದರೂ ಅಲ್ಲಿ ಆ ಬದುಕು ಮರಳುವುದಿಲ್ಲ. ಗಿಡ ಕಿತ್ತರೆ ಎರಡು ವರ್ಷದಲ್ಲಿ ಬಂದೀತು, ಇಳಿಜಾರನ್ನೇ ಕಿತ್ತರೆ ಬರುವುದೆಲ್ಲಿಂದ? ಗುತ್ತಿಗೆದಾರನಿಗೆ ತೆಗೆದ ಮಣ್ಣಿನ ಘನ ಮೀಟರಿಗೆ ಬಿಲ್ಲಾಗುತ್ತದೆ, ಬಿಟ್ಟ ಮಣ್ಣಿಗೆ ಆಗುವುದಿಲ್ಲ. ಈ ಒಂದು ಲೆಕ್ಕಾಚಾರ ನಮ್ಮ ಕೆರೆಗಳ ಆಕಾರವನ್ನು ಯಾವ ನೀತಿಗಿಂತಲೂ ಹೆಚ್ಚು ಬದಲಿಸಿದೆ.

ಕಾನೂನು ಕಾಯುತ್ತದೆಯೇ? 2017ರ ಜೌಗುಪ್ರದೇಶ ನಿಯಮಗಳು ಕುಡಿಯುವ ನೀರಿಗೆಂದು, ನೀರಾವರಿಗೆಂದು ಮನುಷ್ಯ ಕಟ್ಟಿದ ಜಲಾಶಯಗಳನ್ನು ಜೌಗಿನ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಕರ್ನಾಟಕದ ಬಯಲುಸೀಮೆಯ ಕೆರೆ ಪೂರಾ ಕಟ್ಟಿದ್ದೇ, ನೀರಾವರಿಗೆಂದೇ. ಹೀಗಾಗಿ ಶತಮಾನಗಳಿಂದ ಗುಪ್ಪಿ, ಜಂಬುಕೋಳಿಗಳನ್ನು ಸಾಕಿದ ಜಾಗ ಕಾಗದದ ಮೇಲೆ ಜೌಗೇ ಅಲ್ಲ. ಅದೇ ವರ್ಷ ಸುಪ್ರೀಂ ಕೋರ್ಟು ದೇಶದಲ್ಲಿ ಗುರುತಿಸಲಾದ 2,01,503 ಜೌಗುಗಳನ್ನು ರಕ್ಷಿಸಬೇಕೆಂದು ಹೇಳಿದ್ದು ಒಂದಿಷ್ಟು ಆಸರೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಗೆ 2015ರಲ್ಲಿ ಪಕ್ಷಿ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನ ಸಿಕ್ಕಿತು. ಜೊಂಡಿರುವ ಕೆರೆಯೂ ಕಾಪಾಡತಕ್ಕದ್ದೇ ಎಂದು ಒಪ್ಪಿದ ಅಪರೂಪದ ಉದಾಹರಣೆ ಅದು. ಒಂದು ಪುಟ್ಟೇನಹಳ್ಳಿ ಸಾಲದು.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ: ಕಾಮಗಾರಿಯ ಅಂದಾಜುಪಟ್ಟಿಗೆ ಸಹಿ ಬೀಳುವ ಮೊದಲು ಆ ಕೆರೆಯ ಗಿಡಗಳ ಪಟ್ಟಿ ಮಾಡಿಸಿ, ಒಂದೊಂದರ ಹೆಸರು ಹಾಕಿಸಿ, ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂದು ಬರೆಸಿ. ಹಿನ್ನೀರಿನ ಕಡೆಯ ಇಳಿಜಾರನ್ನು ಮುಟ್ಟಬೇಡಿ. ನಡಿಗೆಪಥ ಏರಿಯ ಕಡೆಗಷ್ಟೇ ಸಾಕು, ಪೂರಾ ಸುತ್ತು ಹಾಕಲೇಬೇಕೆಂಬ ಹಟ ಕಾಲಿಗೆ ಒಳ್ಳೆಯದಿರಬಹುದು, ಕೆರೆಗಲ್ಲ. ಜೊಂಡನ್ನು ಪಾಲು ಮಾಡಿ, ಈ ವರ್ಷ ಒಂದು ಪಾಲು, ಮುಂದಿನ ವರ್ಷ ಇನ್ನೊಂದು ಪಾಲು ಕೊಯ್ಯಿರಿ. ಮಳೆಗಾಲದ ಗೂಡಿನ ಕಾಲದಲ್ಲಿ ಕತ್ತಿ ಹಾಕಬೇಡಿ. ಪೂರ್ತಿ ಹೋಗಲೇಬೇಕಾದ ಕಡೆ ನೀರಿನ ಮಟ್ಟದ ಕೆಳಗೆ ಕೊಯ್ದರೆ ಬುಡದ ಗೆಡ್ಡೆಗೆ ಗಾಳಿ ಸಿಗದೆ ತಾನೇ ಸಾಯುತ್ತದೆ, ಅದಕ್ಕೆ ಹಿಟಾಚಿ ಬೇಕಿಲ್ಲ.

ಆ ಕೆಲಸಕ್ಕೆ ಜನ ಎಲ್ಲಿ ಎಂದು ಕೇಳುತ್ತಾರೆ. ಜನ ಇದ್ದರು. ಬೆಂಗಳೂರಿನ ಅಂಚಿನ ಕೆರೆಗಳಲ್ಲಿ ಹಸುವಿಗೆ ಹುಲ್ಲು ಕೊಯ್ಯಲು ಬರುತ್ತಿದ್ದ ಹೆಂಗಸರು ಕುಡುಗೋಲಿನಿಂದ ದಿನಾ ಅದನ್ನೇ ಮಾಡುತ್ತಿದ್ದರು, ಪುಕ್ಕಟೆಯಾಗಿ. ಕೆರೆಗೆ ಮರುಜೀವ ಕೊಟ್ಟ ದಿನ ಸುತ್ತ ತಂತಿಬೇಲಿ ಹಾಕಿ, ಗೇಟಿಗೆ ಕಾವಲುಗಾರನನ್ನು ಇಟ್ಟು, ಬೆಳಿಗ್ಗೆ ಇಷ್ಟರಿಂದ ಇಷ್ಟರವರೆಗೆ ವಾಯುವಿಹಾರಿಗಳಿಗೆ ಮಾತ್ರ ಪ್ರವೇಶ ಎಂದು ಬೋರ್ಡು ಬರೆಸಿ ಅವರನ್ನು ಹೊರಗೆ ಹಾಕಿದವರು ನಾವು. ಮರುವರ್ಷ ಅದೇ ಕೆರೆಯ ಜೊಂಡು ಕತ್ತರಿಸಲು ಯಂತ್ರಕ್ಕೆ ಟೆಂಡರ್ ಕರೆಯುತ್ತೇವೆ. ಆ ಟೆಂಡರಿನ ಹಣದಲ್ಲಿ ಸ್ವಲ್ಪವನ್ನು ಕುಡುಗೋಲು ಹಿಡಿದವರಿಗೆ ಕೂಲಿಯಾಗಿ ಕೊಟ್ಟು, ಗೇಟು ತೆಗೆಸಿ, ಯಾವ ಪಾಲು ಕೊಯ್ಯಬೇಕೆಂದು ಅವರಿಗೇ ಗೂಟ ನೆಟ್ಟು ತೋರಿಸಿದರೆ ಸಾಕು. ಗೂಡು ಎಲ್ಲೆಲ್ಲಿದೆ ಎಂಬುದನ್ನು ಅವರು ನಮಗೆ ತೋರಿಸುತ್ತಾರೆ.